ನೈಲಾನ್ ಕತ್ತರಿಸಲು ಬಿಸಿ ಚಾಕು: ನಾನು ಆರಿಸಿಕೊಂಡ ಬಗೆ

ಬೆನ್ನಚೀಲ ಹೊಲಿಯಲು ಶುರು ಮಾಡಿದ ಮೊದಲ ವರ್ಷ ನನ್ನ ಹತ್ತಿರ ಇದ್ದದ್ದು ಕತ್ತರಿ ಮತ್ತು ಲೈಟರ್. ನೈಲಾನ್ ಬಟ್ಟೆ ಕತ್ತರಿಸುವುದು, ಅಂಚನ್ನು ಜ್ವಾಲೆಯ ಪಕ್ಕದಲ್ಲಿ ಓಡಿಸುವುದು. ಚೀಲದ ಭುಜಕ್ಕೆ, ಸೊಂಟಕ್ಕೆ ಹಾಕುವ ವೆಬ್ಬಿಂಗ್ ಎಂಬ ನೇಯ್ದ ಪಟ್ಟಿಯ ತುದಿಗೂ ಅದೇ. ಒಂದು ಕಡೆ ಅಂಚು ಕಪ್ಪಾಗಿ ಉಂಡೆ ಕಟ್ಟುತ್ತಿತ್ತು, ಇನ್ನೊಂದು ಕಡೆ ಬಿಸಿ ತಾಕದೆ ಎಳೆಗಳು ಹಾಗೇ ಉಳಿಯುತ್ತಿದ್ದವು. ಹಾಗೆ ಉಳಿದ ಜಾಗದಿಂದಲೇ ಒಂದು ಚೀಲದ ಒಳಹೊಲಿಗೆ ಬಿಟ್ಟುಕೊಂಡಿತು. ಒಳಗೆ ತಿರುಗಿಸಿ ನೋಡಿದರೆ ಹೊಲಿಗೆಯ ದಾರ ಗಟ್ಟಿಯಾಗಿಯೇ ಇತ್ತು; ಬಟ್ಟೆಯ ಎಳೆಗಳೇ ದಾರದಿಂದ ಜಾರಿ ಹೊರಬಂದಿದ್ದವು. ಹತ್ತಿಯ ನೂಲು ಒರಟು, ಒಂದನ್ನೊಂದು ಹಿಡಿದುಕೊಳ್ಳುತ್ತದೆ. ನೈಲಾನ್ ಎಳೆ ಉದ್ದಕ್ಕೂ ನುಣುಪು, ಅಂಚಿನಲ್ಲಿ ಒಂದು ಬಿಟ್ಟರೆ ಪಕ್ಕದ್ದೂ ಬಿಡುತ್ತದೆ. ಕತ್ತರಿಸುವಾಗಲೇ ಅಂಚು ಕರಗಿ ಬೆಸೆಯಬೇಕು, ಅದಕ್ಕೆ ಕರೆಂಟಿನಿಂದ ಬ್ಲೇಡ್ ಬಿಸಿಯಾಗುವ ಬಿಸಿ ಚಾಕುವೇ ಬೇಕು ಎಂದು ಆ ದಿನ ತೀರ್ಮಾನಿಸಿದೆ.

ಮೊದಲು ತಂದದ್ದು ಸೋಲ್ಡರಿಂಗ್ ಐರನ್ (ತಂತಿ ಬೆಸೆಯುವ ಬಿಸಿ ಕಡ್ಡಿ) ಮಾದರಿಯದು. 30 ವ್ಯಾಟ್, ಪೆನ್ನಿನಂತೆ ಹಿಡಿಯುವುದು, ತುದಿಯಲ್ಲಿ ಸ್ಕ್ರೂ ಬಿಗಿದು ಕೂರಿಸುವ ಸಣ್ಣ ಬ್ಲೇಡ್. ತೆಳು ರಿಪ್‌ಸ್ಟಾಪ್ (ಹರಿದರೆ ಹರಡದಂತೆ ಚೌಕಳಿಯಾಗಿ ದಪ್ಪ ಎಳೆ ಸೇರಿಸಿ ನೇಯ್ದ) ಬಟ್ಟೆಯ ಮೇಲೆ ಅದು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಅಂಚು ದಾರದಷ್ಟು ಸಣ್ಣ, ಮುಟ್ಟಿದರೆ ಮೃದು. ಆಮೇಲೆ 50 ಮಿಲಿಮೀಟರ್ ಅಗಲದ ದಪ್ಪ ವೆಬ್ಬಿಂಗ್ ಇಟ್ಟೆ. ಅರ್ಧದವರೆಗೆ ಸರಿಯಾಗಿ ಹೋಯಿತು. ಅಲ್ಲಿಂದ ಮುಂದೆ ಬ್ಲೇಡ್ ಜಗ್ಗತೊಡಗಿತು, ಕರಗಿದ ನೈಲಾನ್ ಜೇಡನ ಬಲೆಯಂತೆ ಎಳೆ ಎಳೆಯಾಗಿ ಬ್ಲೇಡಿಗೇ ಅಂಟಿಕೊಂಡು ಬಂತು.

ಬಿಸಿ ಸಾಲದು ಎಂದುಕೊಂಡು ಹೆಚ್ಚಿನ ಡಿಗ್ರಿ ತೋರಿಸುವ, ಗುಂಡಿ ತಿರುಗಿಸಿ ಬಿಸಿ ಹೊಂದಿಸಬಹುದಾದ ಇನ್ನೊಂದನ್ನು ತಂದೆ. ಈಗ ಪಟ್ಟಿಯ ಮೊದಲ ಅಂಚು ಕಂದುಬಣ್ಣಕ್ಕೆ ಸುಟ್ಟಿತು, ಕೊನೆಯ ಅಂಚು ಮತ್ತೆ ಜಗ್ಗಿತು. ಒಂದೇ ಕೊಯ್ತದಲ್ಲಿ ಎರಡು ತಪ್ಪು! ಅದನ್ನು ನೋಡಿದ ಮೇಲೆ ವಿಷಯ ಹೊಳೆಯಿತು. ಬ್ಲೇಡ್ ಎಷ್ಟು ಬಿಸಿಯಿದೆ ಎಂಬುದಕ್ಕಿಂತ, ಕತ್ತರಿಸುತ್ತಾ ಹೋದಂತೆ ಕಳೆದುಕೊಂಡ ಬಿಸಿಯನ್ನು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂಬುದೇ ಮುಖ್ಯ. ನೈಲಾನಿನ ಎರಡು ಸಾಮಾನ್ಯ ಬಗೆಗಳಲ್ಲಿ ನೈಲಾನ್ 6 ಕರಗುವುದು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಲಾನ್ 66 ಸುಮಾರು 260ರಲ್ಲಿ. ಆ ಮಟ್ಟ ಮುಟ್ಟಲು ಯಾವ ಅಗ್ಗದ ಐರನ್ ಕೂಡ ಸಾಕು. ಆದರೆ ದಪ್ಪ ಪಟ್ಟಿಯಲ್ಲಿ ಕರಗಬೇಕಾದ ನೈಲಾನ್ ಬಹಳ. ಅದು ಬ್ಲೇಡಿನ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಸೋಲ್ಡರಿಂಗ್ ಐರನ್ ಮಾದರಿಯಲ್ಲಿ ಬಿಸಿ ಹುಟ್ಟುವುದು ಹಿಂದಿನ ಕೊಳವೆಯೊಳಗೆ. ಅಲ್ಲಿಂದ ಸ್ಕ್ರೂ ಬಿಗಿದ ಜಾಗ ದಾಟಿ ಬ್ಲೇಡಿನ ತುದಿಗೆ ಬರಬೇಕು. ಬರುವಷ್ಟರಲ್ಲಿ ತುದಿ ತಣ್ಣಗಾಗಿರುತ್ತದೆ. ಆ ಸ್ಕ್ರೂ ಸ್ವಲ್ಪ ಸಡಿಲವಾದರಂತೂ ಅರ್ಧ ಬಿಸಿ ಅಲ್ಲೇ ನಿಲ್ಲುತ್ತದೆ. ಕೆಲಸಕ್ಕೆ ಮೊದಲು, ತಣ್ಣಗಿರುವಾಗಲೇ, ಅದನ್ನು ಬಿಗಿ ಮಾಡಿಕೊಳ್ಳುವ ಅಭ್ಯಾಸ ಈಗಲೂ ಇದೆ.

ಮೂರನೆಯದಾಗಿ ಪಿಸ್ತೂಲಿನಂತೆ ಹಿಡಿಯುವ, ಟ್ರಿಗರ್ ಇರುವ ಚಾಕು ತಂದೆ. ಇದರ ಮೈಯೊಳಗೆ ಟ್ರಾನ್ಸ್‌ಫಾರ್ಮರ್ ಇದೆ. ಅದು ವೋಲ್ಟೇಜ್ ಇಳಿಸಿ, ಕರೆಂಟನ್ನು ಬಹಳ ಹೆಚ್ಚಿಸಿ ನೇರವಾಗಿ ಬ್ಲೇಡಿನ ಮೂಲಕವೇ ಹರಿಸುತ್ತದೆ. ಬ್ಲೇಡೇ ಇಲ್ಲಿ ಹೀಟರ್. ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ, ಪಟ್ಟಿ ಎಷ್ಟು ಹೀರಿದರೂ ಅಲ್ಲೇ ಮತ್ತೆ ಹುಟ್ಟುತ್ತದೆ. 50 ಮಿಲಿಮೀಟರ್ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಕೊಯ್ದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಇದಕ್ಕೂ ಮಿತಿಯಿದೆ. ಟ್ರಿಗರ್ ಒತ್ತಿಯೇ ಇಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರ್ ಕಾದು ಹಾಳಾಗುತ್ತದೆ. ಎಷ್ಟು ಹೊತ್ತು ಒತ್ತಬಹುದು, ಎಷ್ಟು ಹೊತ್ತು ಬಿಡಬೇಕು ಎಂಬ ಲೆಕ್ಕ ಚಾಕುವಿನ ಮೈಮೇಲಿನ ಲೇಬಲ್ಲಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಕೊಳ್ಳುವ ಮುಂಚೆ ವ್ಯಾಟ್ ನೋಡುವುದಕ್ಕಿಂತ ಮೊದಲು ಈ ಲೆಕ್ಕ ನೋಡಿ. ಚಿಕ್ಕ ಚಿಕ್ಕ ಪಟ್ಟಿ ಕತ್ತರಿಸುವವರಿಗೆ ಅದು ಅಡ್ಡಿಯಾಗದು. ಮೀಟರುಗಟ್ಟಲೆ ಬಟ್ಟೆ ಎಳೆಯುವವರಿಗೆ ಖಂಡಿತ ಆಗುತ್ತದೆ. ಇನ್ನೊಂದು, ಬಿಸಿ ಹೊಂದಿಸುವ ಗುಂಡಿ ಇಲ್ಲದ ಮಾದರಿಯಲ್ಲಿ ಬ್ಲೇಡ್ ಕೆಂಪಗಾಗುವಷ್ಟು ಬಿಸಿಯಾಗುತ್ತದೆ. ಲೋಹ ಮಂದ ಕೆಂಪಾಗಿ ಕಾಣತೊಡಗುವುದೇ ಸುಮಾರು 525 ಡಿಗ್ರಿಯಲ್ಲಿ. ನೈಲಾನಿಗೆ ಅದು ವಿಪರೀತ. ತೆಳು ಬಟ್ಟೆ ಬ್ಲೇಡ್ ಮುಟ್ಟುವ ಮೊದಲೇ ಮುದುಡಿ ಹಿಂದೆ ಸರಿಯುತ್ತದೆ, ಅಳತೆ ತಪ್ಪುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಗುಂಡಿ ಬೇಕೇ ಬೇಕು.

ಈಗ ನನ್ನ ಮೇಜಿನ ಮೇಲೆ ಎರಡೂ ಇವೆ. ಬಟ್ಟೆಗೆ ಪೆನ್ನಿನಂಥದು, ಪಟ್ಟಿಗೆ ಟ್ರಿಗರ್ ಇರುವುದು. ಒಂದನ್ನೇ ಕೊಳ್ಳುವುದಾದರೆ, ಹೆಚ್ಚು ಕತ್ತರಿಸುವ ವಸ್ತುವಿನಲ್ಲಿ ಅತಿ ದಪ್ಪವಾದದ್ದು ಯಾವುದೋ ಅದನ್ನು ನೋಡಿ ಕೊಳ್ಳಿ. ಬಲವಾದ ಚಾಕುವಿನ ಬಿಸಿ ಇಳಿಸಿ ತೆಳು ಬಟ್ಟೆ ಕತ್ತರಿಸಬಹುದು. ದುರ್ಬಲ ಚಾಕುವಿನಿಂದ ದಪ್ಪ ಪಟ್ಟಿ ಕತ್ತರಿಸಲು ಯಾವ ಕೈಚಳಕವೂ ನೆರವಿಗೆ ಬರುವುದಿಲ್ಲ.

ಚಾಕುವಿನಷ್ಟೇ ಮುಖ್ಯವಾದದ್ದು ಅದರ ಕೆಳಗೆ ಏನಿದೆ ಎಂಬುದು. ಮರದ ಹಲಗೆ ಇಟ್ಟೆ, ಹಲಗೆ ಸುಟ್ಟು ಅದರ ಕರಿ ಬಟ್ಟೆಗೆ ಹತ್ತಿತು. ಅಲ್ಯೂಮಿನಿಯಂ ತಗಡು ಇಟ್ಟೆ, ಅದು ಬ್ಲೇಡಿನ ಬಿಸಿಯನ್ನೆಲ್ಲ ಎಳೆದುಕೊಂಡಿತು. ಬಟ್ಟೆ ಮೇಲ್ಭಾಗದಲ್ಲಿ ಕರಗಿ ಕೆಳಗೆ ಹಾಗೇ ಉಳಿಯಿತು. ಕೊನೆಗೆ ನಿಂತದ್ದು ದಪ್ಪ ಗಾಜು, ಅಂಚುಗಳನ್ನು ಉಜ್ಜಿ ಮೊಂಡು ಮಾಡಿಸಿದ್ದು. ಗಾಜು ಬಿಸಿಯನ್ನು ನಿಧಾನವಾಗಿ ಹೀರುತ್ತದೆ, ಸುಡುವುದಿಲ್ಲ, ಅಂಟಿದ ನೈಲಾನನ್ನು ತಣ್ಣಗಾದ ಮೇಲೆ ಕೆರೆದು ತೆಗೆಯಬಹುದು. ಹೊಳಪಿನ ಟೈಲ್ ಕೂಡ ಆಗುತ್ತದೆ. ಬ್ಲೇಡನ್ನು ಗಾಜಿನ ಮೇಲೆ ಒಂದೇ ಕಡೆ ನಿಲ್ಲಿಸಬಾರದು, ಒಂದೇ ಜಾಗ ಕಾದರೆ ಬಿರುಕು ಬಿಡುತ್ತದೆ. ಉದ್ದದ ಕೊಯ್ತಕ್ಕೆ ಉಕ್ಕಿನ ಸ್ಕೇಲ್ ಹಿಡಿಯುತ್ತೇನೆ, ಪ್ಲಾಸ್ಟಿಕ್ಕಿನದು ಬೇಡವೇ ಬೇಡ.

ಕೈಯ ವೇಗ ಕಲಿಯುವುದು ತುಂಡು ಬಟ್ಟೆಯ ಮೇಲೆ. ಅಂಚು ಕಂದಾದರೆ ಬಿಸಿ ಹೆಚ್ಚು ಅಥವಾ ಕೈ ನಿಧಾನ. ಎಳೆ ಎಳೆಯಾಗಿ ಜಗ್ಗಿದರೆ ಬಿಸಿ ಕಡಿಮೆ ಅಥವಾ ಕೈ ಅವಸರ. ಬಟ್ಟೆಯನ್ನು ಬ್ಲೇಡ್ ಓರೆ ಹಿಡಿದು ಎಳೆಯುತ್ತೇನೆ, ಪಟ್ಟಿಯನ್ನು ನೆಟ್ಟಗೆ ಮೇಲಿನಿಂದ ಒತ್ತುತ್ತೇನೆ. ಬ್ಲೇಡಿಗೆ ಕರಿ ಹತ್ತಿದರೆ, ಬೆಚ್ಚಗಿರುವಾಗಲೇ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜುವುದು. ಬಿಟ್ಟರೆ ಬಿಳಿ ಬಟ್ಟೆಯ ಮೇಲೆ ಮಸಿ ಗೆರೆ ಮೂಡುತ್ತದೆ. ಎರಡು ಪದರ ಜೋಡಿಸಿ ಕತ್ತರಿಸುವ ಆಸೆ ಬೇಡ, ಅಂಚಿನಲ್ಲಿ ಎರಡೂ ಬೆಸೆದುಕೊಳ್ಳುತ್ತವೆ.

ಕತ್ತರಿಸಿದ ಕೂಡಲೇ ಪಟ್ಟಿಯ ತುದಿಯನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡುವವರನ್ನು ನೋಡಿದ್ದೇನೆ, ನಾನೂ ಮಾಡಿದ್ದೇನೆ. ಕರಗಿದ ನೈಲಾನ್ ಚರ್ಮಕ್ಕೆ ಅಂಟಿದರೆ ಕೊಡವಿದರೂ ಬಿಡುವುದಿಲ್ಲ, ಅಂಟಿದಲ್ಲೇ ಸುಡುತ್ತಿರುತ್ತದೆ. ನನ್ನ ಹೆಬ್ಬೆರಳಿನ ಗುರುತು ಇನ್ನೂ ಹೋಗಿಲ್ಲ. ಈಗ ಚಪ್ಪಟೆ ಮಾಡಲು ಒಂದು ಸಣ್ಣ ಉಕ್ಕಿನ ತುಂಡು ಇಟ್ಟುಕೊಂಡಿದ್ದೇನೆ. ಭುಜಕ್ಕೆ, ಸೊಂಟಕ್ಕೆ ತಾಗುವ ಪಟ್ಟಿಯ ಎರಡು ಮೂಲೆಗಳನ್ನು ದುಂಡಾಗಿ ಕೊಯ್ಯುತ್ತೇನೆ. ಗಟ್ಟಿಯಾದ ಚೂಪು ಮೂಲೆ ಚರ್ಮವನ್ನೂ ಪಕ್ಕದ ಬಟ್ಟೆಯನ್ನೂ ಗೀರುತ್ತದೆ. ಹೊಲಿಗೆಯನ್ನು ಕರಗಿದ ಅಂಚಿನ ಮೇಲೆ ಹಾಕದೆ ಸ್ವಲ್ಪ ಒಳಗೆ ತರಬೇಕು, ಇಲ್ಲದಿದ್ದರೆ ಸೂಜಿ ಮುರಿಯುತ್ತದೆ. ಭಾರ ಹೊರುವ ಪಟ್ಟಿಯ ನಡುಭಾಗಕ್ಕೆ ಬ್ಲೇಡ್ ತಪ್ಪಿ ತಾಗಿದರೆ ಆ ತುಂಡನ್ನು ನಾನು ಬಳಸುವುದಿಲ್ಲ.

ಹೊಗೆಯ ವಿಷಯ ಗಂಭೀರ. ಕರಗುವ ನೈಲಾನಿನ ವಾಸನೆಯೇ ಗಂಟಲು ಕೆರೆಯುತ್ತದೆ. ಅದು ಕರಗುವುದು ದಾಟಿ ಸುಟ್ಟರೆ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಕೂಡ ಹೊರಬರಬಹುದು. ಕಿಟಕಿ ತೆರೆದು, ಹೊಗೆಯನ್ನು ಮುಖದಿಂದ ಆಚೆ ಎಳೆಯುವಂತೆ ಫ್ಯಾನ್ ಇಟ್ಟೇ ಕೂರುತ್ತೇನೆ. ಪಿವಿಸಿ ಲೇಪನದ ಬಟ್ಟೆಗೆ ಬಿಸಿ ಚಾಕು ಹಚ್ಚುವುದೇ ಇಲ್ಲ, ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ಕತ್ತರಿ ಸಾಕು, ಎಳೆಯೂ ಬಿಚ್ಚುವುದಿಲ್ಲ.

ಎಲ್ಲ ಪಟ್ಟಿಯೂ ನೈಲಾನ್ ಆಗಿರುವುದಿಲ್ಲ. ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಗೇ ಕರಗುತ್ತದೆ, ನೈಲಾನಿಗೆ ಹೊಂದಿಸಿದ ಬಿಸಿಯಲ್ಲಿ ನೀರಾಗಿ ಹರಿದುಬಿಡುತ್ತದೆ. ಪಾಲಿಯೆಸ್ಟರ್ ಕರಗುವುದು ನೈಲಾನ್ 66ರ ಹತ್ತಿರದ ಬಿಸಿಯಲ್ಲಿ. ಕೆವ್ಲಾರ್ ಎಂಬ ಬಹಳ ಗಟ್ಟಿ ನಾರು ಕರಗುವುದೇ ಇಲ್ಲ, ಹತ್ತಿಯೂ ಅಷ್ಟೇ, ಸುಟ್ಟು ಕರಿಯಾಗುತ್ತದೆ. ಹೊಸ ಪಟ್ಟಿ ಕೈಗೆ ಬಂದರೆ ಮೊದಲು ಒಂದು ತುಂಡು ಕೊಯ್ದು ನೋಡಿ ಗುಂಡಿ ಹೊಂದಿಸುತ್ತೇನೆ.

ಹೊಸ ಚಾಕು ಬಂದರೂ ಪರೀಕ್ಷೆ ಒಂದೇ. ನಾನು ಬಳಸುವ ಅತಿ ದಪ್ಪ ಪಟ್ಟಿಯನ್ನು, ಕೈಪಿಡಿ ಹೇಳಿದಷ್ಟು ಮಾತ್ರ ಬಿಡುವು ಕೊಟ್ಟು, ಒಂದರ ಹಿಂದೆ ಒಂದರಂತೆ ಐದು ಸಲ ಕೊಯ್ಯುತ್ತೇನೆ. ಮೊದಲನೆಯ ತುಂಡನ್ನೂ ಐದನೆಯದನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ. ಎರಡರ ಅಂಚೂ ಒಂದೇ ಥರ ಇದ್ದರೆ ಚಾಕು ಮೇಜಿನ ಮೇಲೆ ಉಳಿಯುತ್ತದೆ, ಇಲ್ಲದಿದ್ದರೆ ವಾಪಸ್ಸು.