ಮೂರು ಕೀರ್ತನೆಗಳಿಂದ ಆರಂಭ: ಬೇರೆ ಬೇರೆ ಸಭೆಗಳವರ ಬೆನೆಡಿಕ್ಟೈನ್ ಬಳಗ

ಕಥೋಲಿಕರು, ಸಿಎಸ್‌ಐನವರು (ದಕ್ಷಿಣ ಭಾರತ ಸಭೆಯ ಪ್ರಾಟೆಸ್ಟಂಟರು), ಆರ್ಥೊಡಾಕ್ಸ್‌ನವರು ಕೂಡಿ ಸಂತ ಬೆನೆಡಿಕ್ಟರ ರೀತಿಯಲ್ಲಿ ಪ್ರಾರ್ಥಿಸುವ ಬಳಗವನ್ನು ಸಿದ್ಧಾಂತದ ಚರ್ಚೆಯಿಂದ ಶುರುಮಾಡಬಾರದು. ಮಾತು ಪರಮಪ್ರಸಾದಕ್ಕೋ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಮಾತೆ ಮರಿಯಳಿಗೋ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪ್ರಾರ್ಥನೆಯಿಂದ ಶುರುಮಾಡಬೇಕು, ಅದರಲ್ಲೂ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಯಿಂದ. ಸಂತ ಬೆನೆಡಿಕ್ಟರು 6ನೇ ಶತಮಾನದಲ್ಲಿ ಮಠದ ಸನ್ಯಾಸಿಗಳಿಗಾಗಿ ಬರೆದ ನಿಯಮಾವಳಿಯ 18ನೇ ಅಧ್ಯಾಯ ಇದಕ್ಕೆ ದಿನವೂ ಬೈಬಲಿನ ಅದೇ ಮೂರು ಕೀರ್ತನೆಗಳನ್ನು ಗೊತ್ತುಮಾಡಿದೆ: 4, 91, 134. ಒಟ್ಟು 27 ವಚನ. ಕೆಲವೇ ವಾರಗಳಲ್ಲಿ ಬಾಯಿಗೆ ಬರುತ್ತವೆ. ಕರೆಂಟ್ ಹೋದರೂ ಪ್ರಾರ್ಥನೆ ನಿಲ್ಲುವುದಿಲ್ಲ.

ಮೊದಲ ತೊಡಕು ಸಂಖ್ಯೆಯದು. ನಿಯಮಾವಳಿಯ ಲತೀನ್ ಮೂಲದಲ್ಲಿ ಇವೇ ಕೀರ್ತನೆಗಳು 4, 90, 133. ಗ್ರೀಕ್ ಮತ್ತು ಲತೀನ್ ಬೈಬಲುಗಳಲ್ಲಿ 9, 10ನೇ ಕೀರ್ತನೆಗಳು ಸೇರಿ ಒಂದೇ ಆಗಿರುವುದರಿಂದ ಮುಂದಿನ ಎಣಿಕೆ ಬಹುಮಟ್ಟಿಗೆ ಒಂದು ಹಿಂದೆ. 148ರಿಂದ ಮತ್ತೆ ಸರಿಹೋಗುತ್ತದೆ. ಹಳೆಯ ಪುಸ್ತಕ ನೋಡಿ ‘90’ ಎಂದರೆ ಕನ್ನಡ ಬೈಬಲಿನಲ್ಲಿ ಮೋಶೆಯ ಪ್ರಾರ್ಥನೆ ಸಿಗುತ್ತದೆ. ಅದೂ ಒಳ್ಳೆಯ ಕೀರ್ತನೆಯೇ, ಹಾಗಾಗಿ ತಪ್ಪು ಬೇಗ ಗೊತ್ತಾಗುವುದಿಲ್ಲ. ಸಂಖ್ಯೆಯ ಜೊತೆಗೆ ಮೊದಲ ಸಾಲನ್ನೂ ಹೇಳಿ.

ಎರಡನೆಯದು ಅನುವಾದ. 23ನೇ ಕೀರ್ತನೆ ತೆಗೆದರೆ ಹಳೆಯ ಬೈಬಲಿನಲ್ಲಿ ‘ಯೆಹೋವ’, ‘ಕುರುಬ’. ಕಥೋಲಿಕರೂ ಬಳಸುವ ಈಚಿನ ಅನುವಾದದಲ್ಲಿ ‘ಪ್ರಭು’, ‘ಕುರಿಗಾಹಿ’. ಎರಡನ್ನೂ ಹಿಡಿದು ಒಟ್ಟಿಗೆ ಓದಲಾಗದು. ಒಂದನ್ನು ಆರಿಸಿ, ದಪ್ಪಕ್ಷರದಲ್ಲಿ ಎಲ್ಲರಿಗೂ ಒಂದೇ ಹಾಳೆ ಮಾಡಿಸುತ್ತೇವೆ. ಮುಂದಿನ ಸರದಿ ಇನ್ನೊಂದರದು.

ಎರಡು ಸಾಲಾಗಿ ಎದುರುಬದುರು ಕೂತು, ಒಂದು ವಚನ ಈ ಕಡೆಯವರು, ಮುಂದಿನದು ಆ ಕಡೆಯವರು. ಪ್ರತಿ ವಚನದ ಅರ್ಧಕ್ಕೆ ಒಂದು ಉಸಿರಿನಷ್ಟು ನಿಲುಗಡೆ. ಕೆಡುವುದು ಇಲ್ಲೇ: ಗಟ್ಟಿ ದನಿಯವರು ಆ ನಿಲುಗಡೆಯನ್ನು ನುಂಗಿ ಮುಂದೆ ಓಡುತ್ತಾರೆ, ಉಳಿದವರು ಹಿಂದೆ ಬೀಳುತ್ತಾರೆ. ಪಕ್ಕದವರ ದನಿ ನಿಮಗೆ ಕೇಳದಿದ್ದರೆ ನಿಮ್ಮ ದನಿ ಜೋರಾಯಿತೆಂದೇ ಲೆಕ್ಕ. ನಿಯಮಾವಳಿಯ ಮೊದಲ ಪದವೇ ‘ಆಲಿಸು’.

ಕರ್ತನ ಪ್ರಾರ್ಥನೆಯನ್ನು ಕಥೋಲಿಕರು ಕೇಡಿನಿಂದ ಬಿಡುಗಡೆ ಬೇಡುವಲ್ಲಿಗೆ ಮುಗಿಸುತ್ತಾರೆ. ಉಳಿದವರು ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಸುತ್ತಾರೆ. ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತುಮಾಡಿ. ಅರ್ಧ ಜನ ಸುಮ್ಮನಾಗಿ ಅರ್ಧ ಜನ ಹೇಳುತ್ತಿದ್ದರೆ ಆ ಒಂದು ಗಳಿಗೆಯಲ್ಲಿ ಸಭೆಗಳ ಒಡಕೆಲ್ಲ ಕಿವಿಗೆ ಬೀಳುತ್ತದೆ, ನೋವೂ ಆಗುತ್ತದೆ.

ಮುಗಿದ ಮೇಲೆ ಮಾತಿಲ್ಲ; 42ನೇ ಅಧ್ಯಾಯದ ಕಟ್ಟಳೆ. ಟೀ, ಕುಶಲೋಪರಿ ಎಲ್ಲ ಮುಂಚೆಯೇ.

ಪರಮಪ್ರಸಾದವನ್ನು ಬಳಗದಲ್ಲಿ ಹಂಚಿಕೊಳ್ಳುವ ಪ್ರಯತ್ನ ಬೇಡ. ಭಾನುವಾರ ಅವರವರ ಸಭೆಗೆ ಬಿಟ್ಟು, ವಾರದ ನಡುವೆ ಸೇರುತ್ತೇವೆ. ಶುರುಮಾಡುವ ಮೊದಲೇ ಅವರವರ ಪಾದ್ರಿಗಳಿಗೆ (ಕಥೋಲಿಕರು ಗುರುಗಳಿಗೆ, ಸಿಎಸ್‌ಐನವರು ಅಯ್ಯನವರಿಗೆ, ಆರ್ಥೊಡಾಕ್ಸ್‌ನವರು ಅಚ್ಚನ್‌ಗೆ) ಖುದ್ದಾಗಿ ತಿಳಿಸಬೇಕು. ಬೇರೆಯವರ ಬಾಯಿಂದ ಸುದ್ದಿ ಹೋದರೆ ಅನುಮಾನ ಹುಟ್ಟುತ್ತದೆ.

‘ಓಬ್ಲೇಟ್’ (ಮನೆಯಲ್ಲಿದ್ದುಕೊಂಡೇ ಒಂದು ಬೆನೆಡಿಕ್ಟೈನ್ ಮಠದ ನಂಟಿನಲ್ಲಿ ಬದುಕುವವರು) ಎಂದು ನಾವೇ ಕರೆದುಕೊಳ್ಳುವಂತಿಲ್ಲ. ಒಂದು ಮಠ ಸ್ವೀಕರಿಸಿದ ಮೇಲಷ್ಟೇ ಆ ಹೆಸರು. ಬೆಂಗಳೂರಿನವರಿಗೆ ಕೆಂಗೇರಿ ಬಳಿ ಆಶೀರ್ವನಂ ಬೆನೆಡಿಕ್ಟೈನ್ ಮಠವಿದೆ. ಸನ್ಯಾಸಿಗಳ ಪ್ರಾರ್ಥನೆಯನ್ನು ಒಮ್ಮೆ ಕೂತು ಕೇಳಿದರೆ ಕೀರ್ತನೆಯ ಗತಿ ತಾನಾಗಿ ತಿಳಿಯುತ್ತದೆ. ಹೋಗುವ ಮುನ್ನ ಕೇಳಿಕೊಳ್ಳಿ.

ನಿಯಮಾವಳಿಯ 73 ಅಧ್ಯಾಯಗಳನ್ನು ವರ್ಷಕ್ಕೆ ಮೂರು ಸಲ ಓದುವ ರೂಢಿಯಿದೆ: ಜನವರಿ 1, ಮೇ 2, ಸೆಪ್ಟೆಂಬರ್ 1ರಿಂದ. ಬಳಗವನ್ನು ಇವುಗಳಲ್ಲೊಂದು ದಿನ ಆರಂಭಿಸಿದರೆ ಓದು ಸಲೀಸು. ಏನಾದರೂ ತೀರ್ಮಾನಿಸಬೇಕಾದಾಗ ವಯಸ್ಸಿನಲ್ಲಿ ಕಿರಿಯರನ್ನೇ ಮೊದಲು ಕೇಳುತ್ತೇವೆ. ಒಳ್ಳೆಯದನ್ನು ದೇವರು ಅನೇಕ ಸಲ ಕಿರಿಯರಿಗೇ ತೋರಿಸುತ್ತಾನೆ ಎಂದು 3ನೇ ಅಧ್ಯಾಯದಲ್ಲಿದೆ.