ಊಟದ ಜಾಗ ಮೊದಲು, ಅಂಗಡಿ ಆಮೇಲೆ: ಗೆಳತಿಯ ಜೊತೆ ಜಪಾನಿನಲ್ಲಿ

ಜಪಾನಿಗೆ ಹೊರಡುವ ಮುಂಚೆಯೇ ನಾನು ಮತ್ತು ನನ್ನ ಗೆಳತಿ ಒಂದು ಮಾತಿಗೆ ಬಂದಿದ್ದೆವು. ದಿನದ ಪ್ಲಾನ್ ಹಾಕುವಾಗ ಮೊದಲು ಊಟದ ಜಾಗ ಗೊತ್ತು ಮಾಡುವುದು. ಅದರ ಸುತ್ತಮುತ್ತ ಯಾವ ಅಂಗಡಿಗಳಿವೆಯೋ, ಅವತ್ತು ಅಲ್ಲೇ ಶಾಪಿಂಗ್. ಅವಳು ಮೈಸೂರಿನವಳು, ಸಸ್ಯಾಹಾರಿ. ಕೇಕಿನಲ್ಲಿ ಬೆರೆತ ಮೊಟ್ಟೆಗೆ ಅಡ್ಡಿಯಿಲ್ಲ, ಅದರಾಚೆಗೆ ಏನೂ ನಡೆಯುವುದಿಲ್ಲ. ನಾನು ಕುಂದಾಪುರದ ಕಡೆಯವಳು, ಮೀನು ತಿಂದೇ ಬೆಳೆದವಳು. ಅವಳಿಗೆ ಪೆನ್ನು, ಕಾಗದ ಅಂದರೆ ಪ್ರಾಣ. ನನಗೆ ಅಡುಗೆಮನೆ ಸಾಮಾನು. ಇಷ್ಟು ಬೇರೆ ಬೇರೆ ರುಚಿಯ ಇಬ್ಬರು ಒಟ್ಟಿಗೆ ಸುತ್ತಿ, ಪ್ರತಿ ರಾತ್ರಿ ನಗುತ್ತಾ ರೂಮಿಗೆ ಬಂದದ್ದು ಈ ಒಂದು ಪದ್ಧತಿಯಿಂದ.

ಯಾಕೆ ಅಂದರೆ, ಅಲ್ಲಿ ಚಿಕ್ಕ ಹೋಟೆಲುಗಳು ಮಧ್ಯಾಹ್ನ ಎರಡು, ಎರಡೂವರೆಗೆ ಬಾಗಿಲು ಹಾಕುತ್ತವೆ. ಮತ್ತೆ ತೆಗೆಯುವುದು ಸಂಜೆ ಐದರ ಮೇಲೆ. ಅಂಗಡಿ ಸುತ್ತುತ್ತಾ ಹೊತ್ತು ಮರೆತರೆ, ಹಸಿವಾದಾಗ ಬಾಗಿಲು ಮುಚ್ಚಿರುತ್ತದೆ. ನನ್ನಂಥವರು ಹೇಗೋ ಸುಧಾರಿಸಿಕೊಳ್ಳಬಹುದು. ಸಸ್ಯಾಹಾರಿಗಳು ಸಿಕ್ಕಿದ ಹೋಟೆಲಿಗೆ ನುಗ್ಗುವ ಹಾಗಿಲ್ಲ.

ಅದಕ್ಕೆ ಕಾರಣ ದಾಶಿ. ಜಪಾನಿನ ಅಡುಗೆಗೆ ಬುನಾದಿಯೇ ಈ ತಿಳಿ ರಸ. ಟ್ಯೂನಾ ಜಾತಿಯ ಒಂದು ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಮರದ ತುಂಡಿನಷ್ಟು ಗಟ್ಟಿ ಮಾಡಿ, ಆಮೇಲೆ ತೆಳ್ಳಗೆ ಹೆರೆಯುತ್ತಾರೆ. ಅದೇ ಕತ್ಸುಒಬುಶಿ. ಇದನ್ನು ಬಿಸಿನೀರಿಗೆ ಹಾಕಿ ಸೋಸಿದ ದಾಶಿ ಮಿಸೋ ಸೂಪಿನಲ್ಲಿ ಇರುತ್ತದೆ, ಸೋಬಾ ಅನ್ನುವ ನೂಡಲ್ಸ್ ಅದ್ದುವ ಸಾಸಿನಲ್ಲಿ ಇರುತ್ತದೆ, ತರಕಾರಿ ಪಲ್ಯದಂಥ ತಿನಿಸುಗಳಲ್ಲೂ ಇರುತ್ತದೆ. ತೋಫು ಸಸ್ಯಾಹಾರವೇ, ಆದರೆ ಅದರ ಮೇಲೆ ಸುರಿದ ರಸ ಸಸ್ಯಾಹಾರ ಅಲ್ಲ. "ಮಾಂಸ ಇಲ್ಲವಾ?" ಅಂತ ಕೇಳಿದರೆ "ಇಲ್ಲ" ಅನ್ನುತ್ತಾರೆ, ಅದು ನಿಜವೇ. ಮೀನಿನ ದಾಶಿ ಇದೆಯಾ ಅಂತ ಬೇರೆಯಾಗಿಯೇ ಕೇಳಬೇಕು.

ಗೆಳತಿ ಒಂದು ಚೀಟಿ ಮಾಡಿಸಿಕೊಂಡಿದ್ದಳು, ಪೂರ್ತಿ ಜಪಾನೀಸ್‌ನಲ್ಲಿ. ಏನು ತಿನ್ನುವುದಿಲ್ಲ ಅನ್ನುವುದರ ಜೊತೆಗೆ ಏನು ತಿನ್ನುತ್ತೇನೆ ಅಂತಲೂ ಅದರಲ್ಲಿ ಇತ್ತು. ಮಾಂಸ, ಮೀನು, ಮೀನಿನ ದಾಶಿ ಬೇಡ. ಕೊಂಬು ಅನ್ನುವ ಕಡಲಕಳೆಯ ದಾಶಿ ಆಗುತ್ತದೆ, ಶಿಟಾಕೆ ಅಣಬೆಯ ದಾಶಿ ಆಗುತ್ತದೆ, ಸೋಯಾ ಸಾಸ್, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ಆಗುತ್ತದೆ. ಈ ಎರಡನೆಯ ಭಾಗವೇ ಹೆಚ್ಚು ಕೆಲಸಕ್ಕೆ ಬಂತು. ಅಡುಗೆಯವರಿಗೆ ದಾರಿ ಕಾಣುತ್ತದೆ. ಸಾಧ್ಯ ಇಲ್ಲ ಅಂತ ಕೈ ಮುಗಿದ ಕಡೆ ನಾವು ಒತ್ತಾಯ ಮಾಡಲಿಲ್ಲ. ಬೆಳಗ್ಗೆಯೇ ಮಾಡಿಟ್ಟ ರಸದಿಂದ ಅವರು ಮೀನನ್ನು ಹೇಗೆ ತೆಗೆಯುತ್ತಾರೆ ಹೇಳಿ? ಥ್ಯಾಂಕ್ಸ್ ಹೇಳಿ ಮುಂದಿನ ಅಂಗಡಿಗೆ ನಡೆದೆವು.

ಒಂದು ಸೋಬಾ ಅಂಗಡಿಯಲ್ಲಿ ಚೀಟಿ ಓದಿದ ಅಜ್ಜಿ ಒಳಗೆ ಹೋಗಿ ಬಂದು, ಬಿದಿರಿನ ತಟ್ಟೆಯ ಮೇಲೆ ತಣ್ಣನೆಯ ಸೋಬಾ ಇಟ್ಟರು. ಅದ್ದಿಕೊಳ್ಳುವ ಸಾಸಿನ ಬಟ್ಟಲು ತರಲಿಲ್ಲ. ಬದಲಿಗೆ ಚಿಟಿಕೆ ಉಪ್ಪು, ಪುಟ್ಟ ಬಟ್ಟಲಲ್ಲಿ ಸೋಯಾ ಸಾಸ್, ತುರಿದ ವಸಾಬಿ, ಹೆಚ್ಚಿದ ಈರುಳ್ಳಿ ಸೊಪ್ಪು. ಕೊನೆಗೆ ಸೋಬಾ ಬೇಯಿಸಿದ ನೀರನ್ನು ಬಿಸಿಬಿಸಿಯಾಗಿ ಹೂಜಿಯಲ್ಲಿ ತಂದಿಟ್ಟರು. ಉಳಿದ ಸಾಸಿಗೆ ಬೆರೆಸಿ ಕುಡಿಯುವುದು ಅಲ್ಲಿನ ರೂಢಿ. ಗೆಳತಿ ಎರಡು ಹನಿ ಸೋಯಾ ಸಾಸ್ ಹಾಕಿಕೊಂಡು ಕುಡಿದಳು. "ಗಂಜಿ ತಿಳಿ ಕುಡಿದ ಹಾಗಿದೆ ಕಣೇ" ಅಂದಳು. ಹೊರಡುವಾಗ ಅಜ್ಜಿಗೆ ಟಿಪ್ಸ್ ಕೊಡುವ ಯೋಚನೆಯನ್ನೇ ಮಾಡಲಿಲ್ಲ, ಜಪಾನಿನಲ್ಲಿ ಅದು ಇಲ್ಲ. "ಗೊಚಿಸೋಸಮಾ" ಅಂತ ಜೋರಾಗಿ ಹೇಳಿ ಹೊರಟೆವು. ಊಟಕ್ಕೆ ಥ್ಯಾಂಕ್ಸ್ ಹೇಳುವ ಮಾತು ಅದು. ಅವರ ಮುಖ ಅರಳಿತು.

ಟೋಕಿಯೊದಲ್ಲಿ ನನ್ನ ದಿನ ಅಂದರೆ ಕಪ್ಪಾಬಾಶಿ. ಉಯೆನೋ ಮತ್ತು ಅಸಾಕುಸಾ ನಡುವೆ ಸುಮಾರು 800 ಮೀಟರ್ ಉದ್ದದ ಬೀದಿ. ಹೋಟೆಲುಗಳಿಗೆ ಸಾಮಾನು ಮಾರುವ ಅಂಗಡಿಗಳು ಸಾಲಾಗಿ, ಹತ್ತಿರ ಹತ್ತಿರ 170. ಗಿಂಜಾ ಲೈನ್‌ನ ತವರಾಮಾಚಿ ಸ್ಟೇಷನ್ನಿನಲ್ಲಿ ಇಳಿದು ಐದು ನಿಮಿಷ ನಡೆದರೆ, ಮೂಲೆಯ ಕಟ್ಟಡದ ಮೇಲೆ ದೊಡ್ಡ ಬಾಣಸಿಗನ ತಲೆ ಕಾಣಿಸುತ್ತದೆ. ಅಲ್ಲಿಂದಲೇ ಶುರು. ಭಾನುವಾರ ತುಂಬಾ ಅಂಗಡಿಗಳು ಮುಚ್ಚಿರುತ್ತವೆ, ಸಂಜೆ ಐದೂವರೆ ಹೊತ್ತಿಗೆ ಉಳಿದವೂ ಬಾಗಿಲೆಳೆಯುತ್ತವೆ. ಹಾಗಾಗಿ ವಾರದ ದಿನ, ಬೆಳಗ್ಗೆ. ಊಟ ಪಕ್ಕದ ಅಸಾಕುಸಾದಲ್ಲಿ.

ನನಗೆ ಬೇಕಾಗಿದ್ದು ಅಮ್ಮನಿಗೆ ಒಂದು ಚಾಕು. ಅಲ್ಲಿ ಚಾಕುವಿನ ಅಂಗಡಿಗೆ ಹೋಗಿ "ಒಳ್ಳೆಯದು ಕೊಡಿ" ಅಂದರೆ ಆಗುವುದಿಲ್ಲ. ಏನು ಹೆಚ್ಚುತ್ತೀರಿ, ಯಾವ ಕೈ, ಬಳಸಿದ ಮೇಲೆ ಒರೆಸಿಡುವ ಅಭ್ಯಾಸ ಇದೆಯಾ ಅಂತ ಕೇಳುತ್ತಾರೆ. ಮೀನು ಕೊಯ್ಯಲು ದೇಬಾ, ಎಲ್ಲದಕ್ಕೂ ಸಾಂತೋಕು, ತರಕಾರಿಗೆ ನಕಿರಿ. ನಕಿರಿಯ ಅಲಗು ನೇರ, ಅಗಲ, ತುದಿ ಚೂಪಿಲ್ಲ. ಸೊಪ್ಪು, ಬೀನ್ಸ್, ಎಲೆಕೋಸು ಸಣ್ಣಗೆ ಹೆಚ್ಚಲು ಅದಕ್ಕಿಂತ ಹಿತವಾದದ್ದು ನಾನು ಹಿಡಿದಿಲ್ಲ. ಕಾರ್ಬನ್ ಸ್ಟೀಲಿನದು ಹೆಚ್ಚು ಹರಿತ, ಆದರೆ ಒದ್ದೆ ಬಿಟ್ಟರೆ ತುಕ್ಕು. ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಿದರೆ ಆಗಿಂದಾಗ ತೊಳೆದು ಒರೆಸಬೇಕು. ನಮ್ಮ ಕರಾವಳಿಯ ಹವೆಗೆ ಸ್ಟೇನ್‌ಲೆಸ್ ಸರಿ ಅಂತ ಅದನ್ನೇ ಆರಿಸಿದೆ. ತೆಂಗಿನಕಾಯಿ, ಸುವರ್ಣಗಡ್ಡೆ, ಹಲಸಿನಕಾಯಿಗೆ ಇದನ್ನು ಮುಟ್ಟಿಸಬಾರದು. ತೆಳು ಅಲಗು, ಚಕ್ಕೆ ಎದ್ದುಬಿಡುತ್ತದೆ. ಅವಕ್ಕೆ ಅಮ್ಮನ ಮೆಟ್ಟುಕತ್ತಿ ಇದ್ದೇ ಇದೆ.

ಹೆಸರು ಕೆತ್ತಿ ಕೊಡುತ್ತೀರಾ ಅಂತ ಕೇಳಿದೆ. ಅಂಗಡಿಯವರು ಅಮ್ಮನ ಹೆಸರನ್ನು ನನ್ನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿ, ಚೀಟಿಯ ಮೇಲೆ ಕತಾಕಾನಾ ಅಕ್ಷರದಲ್ಲಿ ಬರೆದು, ಓದಿ ತೋರಿಸಿದರು. ಆಮೇಲೆ ಚಾಕುವನ್ನು ಮರದ ದಿಮ್ಮಿಯ ಮೇಲೆ ಒರಗಿಸಿದರು. ಎಡಗೈಯಲ್ಲಿ ಪೆನ್ಸಿಲಿಗಿಂತ ಗಿಡ್ಡ ಉಳಿ, ಬಲಗೈಯಲ್ಲಿ ಪುಟ್ಟ ಸುತ್ತಿಗೆ. ಟಕ ಟಕ ಟಕ. ಒಂದೊಂದು ಏಟಿಗೂ ಉಳಿ ಕೂದಲೆಳೆಯಷ್ಟು ಸರಿಯುತ್ತದೆ, ಗೆರೆ ಹಿಂದೆ ಉಳಿಯುತ್ತದೆ. ಚೀಟಿಯನ್ನು ಅವರು ಮತ್ತೆ ನೋಡಲೇ ಇಲ್ಲ. ಮುಗಿದ ಮೇಲೆ ಬಟ್ಟೆಯಿಂದ ಒರೆಸಿ, ಹಿಡಿಯನ್ನು ನನ್ನ ಕಡೆಗೆ ತಿರುಗಿಸಿ, ಎರಡೂ ಕೈಯಿಂದ ಕೊಟ್ಟರು. ಗೆಳತಿ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ನಿಂತಿದ್ದಳು. ಅಕ್ಷರ ಅಂದರೆ ಅವಳಿಗೆ ಹಾಗೆ.

ಚಾಕು ಕೊಂಡವರು ಡಬ್ಬ ಬಿಚ್ಚದೆ ನೇರ ರೂಮಿಗೆ ಒಯ್ಯಿರಿ. 6 ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಸರಿಯಾದ ಕಾರಣ ಇಲ್ಲದೆ ಜೊತೆಯಲ್ಲಿಟ್ಟುಕೊಂಡು ತಿರುಗುವುದು ಅಲ್ಲಿ ಕಾನೂನಿಗೆ ವಿರುದ್ಧ. ವಿಮಾನದಲ್ಲಿ ಚೆಕ್‌ಇನ್ ಬ್ಯಾಗಿನಲ್ಲೇ ಇರಬೇಕು.

ಇನ್ನೊಂದು ಮಾತು, ಅಡುಗೆಮನೆ ಸಾಮಾನಿನ ಹುಚ್ಚಿರುವವರಿಗೆ. ಜಪಾನಿನಲ್ಲಿ ವಿದ್ಯುತ್ 100 ವೋಲ್ಟ್, ನಮ್ಮಲ್ಲಿ 230. ಅಲ್ಲಿನ ರೈಸ್ ಕುಕ್ಕರ್ ಎಷ್ಟೇ ಚೆಂದ ಕಂಡರೂ ಹಾಗೇ ತಂದು ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟು ಹೋಗುತ್ತದೆ. ವಿದೇಶಕ್ಕೆ ಅಂತಲೇ ಮಾಡಿದ ಮಾಡೆಲ್‌ಗಳನ್ನು ಬೇರೆ ಇಟ್ಟಿರುತ್ತಾರೆ, ಹಿಂಭಾಗದ ಲೇಬಲ್ ಓದಿ ತೆಗೆದುಕೊಳ್ಳಿ.

ಅವಳ ದಿನ ಗಿಂಜಾದಲ್ಲಿ, ಇತೋಯಾ ಅಂಗಡಿಯಲ್ಲಿ. 1904ರಲ್ಲಿ ಶುರುವಾದ ಸ್ಟೇಷನರಿ ಅಂಗಡಿ, ಬಾಗಿಲಲ್ಲಿ ದೊಡ್ಡ ಕೆಂಪು ಪೇಪರ್ ಕ್ಲಿಪ್ಪಿನ ಗುರುತು. ಕಾಗದ ಮುಟ್ಟಿ ನೋಡುತ್ತಾ ಅವಳು ಗಂಟೆಗಟ್ಟಲೆ ನಿಲ್ಲುತ್ತಾಳೆ ಅಂತ ನನಗೆ ಗೊತ್ತಿತ್ತು. ನಮ್ಮ ಪದ್ಧತಿ ಅಲ್ಲಿ ಕೈ ಹಿಡಿಯಿತು. ಊಟದ ಜಾಗ, ಹೊತ್ತು ಎರಡೂ ಗೊತ್ತಿದ್ದರೆ ಜೊತೆಯಲ್ಲೇ ಅಂಟಿಕೊಂಡಿರಬೇಕಾಗಿಲ್ಲ ಅಲ್ವಾ? ಅವಳು ಅಲ್ಲಿ, ನಾನು ಇನ್ನೆಲ್ಲೋ. ಒಂದು ಗಂಟೆಗೆ ಹೋಟೆಲಿನ ಬಾಗಿಲಲ್ಲಿ ಭೇಟಿ. ಇನ್ನೊಬ್ಬರನ್ನು ಕಾಯಿಸುತ್ತಿದ್ದೇನೆ ಅನ್ನುವ ಸಂಕೋಚ ಇಲ್ಲದೆ ಶಾಪಿಂಗ್ ಮಾಡುವ ಸುಖವೇ ಬೇರೆ. ಹಾಗೇ ನನ್ನ ಮೀನಿನ ಊಟವೂ. ಅವಳು ಇನ್ನೂ ಮಲಗಿರುವಾಗ ನಾನು ತ್ಸುಕಿಜಿಗೆ ಹೋಗಿ ಬರುತ್ತಿದ್ದೆ. ಸಗಟು ಮೀನು ಮಾರುಕಟ್ಟೆ 2018ರಲ್ಲಿ ತೊಯೋಸುಗೆ ಹೋಯಿತು, ಆದರೆ ಹೊರಗಿನ ಅಂಗಡಿ ಬೀದಿಗಳು ಅಲ್ಲೇ ಇವೆ. ಉಪ್ಪು ಹಚ್ಚಿ ಕೆಂಡದಲ್ಲಿ ಸುಟ್ಟ ಸಾಬಾ, ಅಂದರೆ ನಮ್ಮ ಬಂಗುಡೆಯ ನೆಂಟ. ಜೊತೆಗೆ ಬಿಸಿ ಅನ್ನ, ತುರಿದ ಮೂಲಂಗಿ, ಉಪ್ಪಿನಕಾಯಿ. ಮಸಾಲೆ ಒಂದು ಚೂರೂ ಇಲ್ಲದ ಆ ಮೀನು ನನಗೆ ಈಗಲೂ ನಾಲಿಗೆಯ ಮೇಲಿದೆ.

ಊಟ, ಶಾಪಿಂಗ್ ಎರಡೂ ಒಂದೇ ಕಟ್ಟಡದಲ್ಲಿ ಬೇಕು ಅಂದರೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್. ಮೇಲಿನ ಮಹಡಿಗಳಲ್ಲಿ ಹೋಟೆಲುಗಳು, ನೆಲಮಾಳಿಗೆಯಲ್ಲಿ ತಿಂಡಿ ತಿನಿಸಿನ ಲೋಕ, ನಡುವೆ ಬಟ್ಟೆ, ಪಾತ್ರೆ, ಎಲ್ಲ. ಊಟಕ್ಕೆ ಮೇಲೆ ಹತ್ತಿದವರು ಇಳಿಯುತ್ತಾ ಕೊಳ್ಳಲಿ, ತಿಂಡಿಗೆ ಕೆಳಗೆ ಬಂದವರು ಹತ್ತುತ್ತಾ ಕೊಳ್ಳಲಿ ಅನ್ನುವ ಲೆಕ್ಕಾಚಾರವೇ ಅದು. ಮೇಲಿನ ಹೋಟೆಲುಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಮುಚ್ಚುವುದಿಲ್ಲ, ಅದು ದೊಡ್ಡ ಅನುಕೂಲ. ಬಾಗಿಲಲ್ಲೇ ಪ್ಲಾಸ್ಟಿಕ್ಕಿನ ಮಾದರಿ ಊಟಗಳನ್ನು ಜೋಡಿಸಿರುತ್ತಾರೆ, ಬೆರಳು ತೋರಿಸಿದರೆ ಸಾಕು. ಚೌಕಾಸಿ ಮಾತ್ರ ಇಲ್ಲಿ ನಡೆಯುವುದಿಲ್ಲ. 1673ರಲ್ಲಿ ಎದೋದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಎಚಿಗೋಯಾ ಅನ್ನುವ ಬಟ್ಟೆ ಅಂಗಡಿ ತೆರೆಯಿತು. ನಗದು ಕೊಟ್ಟವರಿಗೆಲ್ಲ ಒಂದೇ ಬೆಲೆ ಅನ್ನುವ ಪದ್ಧತಿಗೆ ಹೆಸರಾದದ್ದು ಅದು. ಇವತ್ತಿನ ಮಿತ್ಸುಕೋಶಿ ಅದರದೇ ಮುಂದುವರಿಕೆ.

ನೆಲಮಾಳಿಗೆಗೆ ಹೋಗುವುದಾದರೆ ಮುಚ್ಚುವ ಹೊತ್ತಿಗೆ ಸ್ವಲ್ಪ ಮುಂಚೆ ಹೋಗಿ. ಉಳಿದ ಊಟದ ಡಬ್ಬಗಳ ಮೇಲೆ ರಿಯಾಯಿತಿಯ ಚೀಟಿ ಅಂಟಿಸುತ್ತಾ ಬರುತ್ತಾರೆ, ಕೆಲವು ಅರ್ಧ ಬೆಲೆಗೂ ಇಳಿಯುತ್ತವೆ. ನನ್ನ ಎಷ್ಟೋ ರಾತ್ರಿಯೂಟ ಅಲ್ಲಿಂದಲೇ. ಕಟ್ಟಿಸಿಕೊಂಡು ಹೋದರೆ ತೆರಿಗೆ ಶೇ. 8, ಅಲ್ಲೇ ಕೂತು ತಿಂದರೆ ಶೇ. 10. ಗೆಳತಿಗೆ ಅಲ್ಲಿ ಒದಗಿದ್ದು ಸಿಹಿ. ಜಪಾನಿನ ಹಳೆಯ ಬಗೆಯ ಸಿಹಿಗಳಲ್ಲಿ ಹೆಚ್ಚಿನವು ಅಕ್ಕಿ, ಕೆಂಪು ಅಜುಕಿ ಕಾಳು, ಸಕ್ಕರೆಯಿಂದ ಆಗುತ್ತವೆ. ಯೋಕಾನ್ ಅನ್ನುವ ಹಲ್ವದಂಥ ತುಂಡು ಗಟ್ಟಿಯಾಗುವುದು ಕಡಲಕಳೆಯ ಅಗರ್‌ನಿಂದ, ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವ ಜೆಲಟಿನ್‌ನಿಂದ ಅಲ್ಲ. ಬೇಗ ಕೆಡುವುದೂ ಇಲ್ಲ. ಮನೆಗೆ, ನೆಂಟರಿಗೆ ತರಲು ಅದಕ್ಕಿಂತ ನಿಶ್ಚಿಂತೆಯ ಸಿಹಿ ಇಲ್ಲ. ಪೆಪ್ಪರ್‌ಮೆಂಟು, ಜೆಲ್ಲಿ, ಬಿಸ್ಕತ್ತುಗಳನ್ನು ಮಾತ್ರ ಫೋನಿನ ಅನುವಾದದ ಕ್ಯಾಮೆರಾ ಹಿಡಿದು ಓದಿಯೇ ಕೊಂಡೆವು.

ಕ್ಯೋಟೋದಲ್ಲಿ ಇಬ್ಬರೂ ಒಂದೇ ಊಟ ಮಾಡಿದೆವು. ಅರಾಶಿಯಾಮಾದ ತೆನ್‌ರ್ಯೂಜಿ ದೇವಾಲಯದೊಳಗೆ ಶಿಗೆತ್ಸು ಅನ್ನುವ ಊಟದ ಮನೆ ಇದೆ. ದೇವಾಲಯ 1339ರಷ್ಟು ಹಳೆಯದು. ಅಲ್ಲಿ ಬಡಿಸುವುದು ಜೆನ್ ಪಂಥದ ಬೌದ್ಧ ಸನ್ಯಾಸಿಗಳ ಶೋಜಿನ್ ಅಡುಗೆ. ಮಾಂಸ, ಮೀನು ಇಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠಗಳ ಊಟ ಮಾಡಿದವರಿಗೆ ಈ ಕಟ್ಟುಪಾಡು ಹೊಸದಲ್ಲ. ಚಾಪೆಯ ಮೇಲೆ ಹಾಸಿದ ಕೆಂಪು ಬಟ್ಟೆಯಲ್ಲಿ ಸಾಲಾಗಿ ಕೂತೆವು. ಎದುರಿಗೆ ಮೆರುಗಿನ ಕೆಂಪು ಬಟ್ಟಲುಗಳು. ಎಳ್ಳು ಅರೆದು ಕುಜು ಗೆಡ್ಡೆಯ ಹಿಟ್ಟಿನಲ್ಲಿ ಕಾಸಿ ಮಾಡಿದ ಎಳ್ಳಿನ ತೋಫು ಬಾಯಲ್ಲಿಟ್ಟ ಗೆಳತಿ ಚೀಟಿಯನ್ನು ಬ್ಯಾಗಿನಿಂದ ಹೊರಗೇ ತೆಗೆಯಲಿಲ್ಲ. ಏನು ಬಂದರೂ ಕೇಳದೆ ತಿನ್ನಬಹುದಾದ ಊಟ. ಅವಳು ಅಷ್ಟು ನೆಮ್ಮದಿಯಾಗಿ ಉಂಡದ್ದನ್ನು ಆ ಪ್ರವಾಸದಲ್ಲಿ ಅಲ್ಲಿಯೇ ನೋಡಿದೆ. ಮುಂಚಿತವಾಗಿ ಕಾಯ್ದಿರಿಸಿದರೆ ಒಳ್ಳೆಯದು. ತೋಟದ ಪ್ರವೇಶಕ್ಕೆ ಬೇರೆ ಟಿಕೆಟ್ಟು.

ಟೋಕಿಯೊಗೆ ವಾಪಸಾದಾಗ ಸ್ಟೇಷನ್ನಿನ ಒಳಗಿನ ಟೀಸ್ ತಾನ್‌ತಾನ್‌ನಲ್ಲಿ ಪೂರ್ತಿ ಸಸ್ಯಾಹಾರದ ರಾಮೆನ್ ನೂಡಲ್ಸ್ ತಿಂದೆವು, ಎಳ್ಳಿನ ದಪ್ಪ ರಸದ್ದು. ಅದು ಟಿಕೆಟ್ ಗೇಟಿನ ಒಳಗಿದೆ, ರೈಲು ಪ್ರಯಾಣದ ದಿನ ಹೋಗುವುದೇ ಸಲೀಸು.

ವಿದೇಶಿ ಪ್ರವಾಸಿಗರಿಗೆ ಸಿಗುವ ತೆರಿಗೆ ವಿನಾಯಿತಿ ಬಗ್ಗೆ, ಗೆಳತಿಯರ ಜೊತೆ ಹೋಗುವವರಿಗೆ ಒಂದು ವಿಷಯ. ಒಂದೇ ಅಂಗಡಿಯಲ್ಲಿ ಒಂದೇ ದಿನ, ಖರೀದಿ ತೆರಿಗೆ ಬಿಟ್ಟು 5,000 ಯೆನ್ ಮುಟ್ಟಬೇಕು, ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಇಬ್ಬರ ಸಾಮಾನು ಸೇರಿಸಿ ಒಬ್ಬರ ಪಾಸ್‌ಪೋರ್ಟಿನಲ್ಲಿ ಹಾಕಿಸುವ ಹಾಗಿಲ್ಲ, ಅವರವರ ಬಿಲ್ಲು ಅವರವರಿಗೆ. ನಾವು ಹೋದಾಗ ಅಂಗಡಿಯಲ್ಲೇ ತೆರಿಗೆ ಕಳೆಯುತ್ತಿದ್ದರು. 2026ರ ನವೆಂಬರ್ 1ರಿಂದ ಕ್ರಮ ಬೇರೆ: ಮೊದಲು ತೆರಿಗೆ ಸೇರಿಸಿ ಕೊಡಬೇಕು, ದೇಶ ಬಿಡುವಾಗ ಸಾಮಾನು ತೋರಿಸಿ ವಾಪಸು ಪಡೆಯಬೇಕು. ಆಮೇಲೆ ಹೋಗುವವರು ವಿಮಾನ ನಿಲ್ದಾಣಕ್ಕೆ ಬೇಗ ಹೊರಡಿ, ಆ ಸಾಮಾನನ್ನು ಬ್ಯಾಗಿನ ತಳಕ್ಕೆ ಹಾಕಬೇಡಿ.

ಹೋಟೆಲ್ ಬಿಲ್ಲನ್ನು ಬೇರೆ ಬೇರೆ ಕೊಡಬೇಕಾದರೆ ಕೌಂಟರಿನಲ್ಲಿ "ಬೆತ್ಸುಬೆತ್ಸು" ಅನ್ನಿ. ಎಲ್ಲ ಕಡೆ ಒಪ್ಪುವುದಿಲ್ಲ, ಆದರೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ದುಡ್ಡನ್ನು ಕೈಗೆ ಕೊಡದೆ ಅಲ್ಲಿಟ್ಟ ತಟ್ಟೆಯಲ್ಲಿ ಇಡಿ. ಚಿಕ್ಕ ಹೋಟೆಲುಗಳಿಗೆ ನಗದು ಇರಲಿ.

ಕೊನೆಯ ಸಂಜೆ ದೊಡ್ಡ ಪೆಟ್ಟಿಗೆಗಳನ್ನು ಕೊರಿಯರ್‌ನವರಿಗೆ ಒಪ್ಪಿಸಬೇಕು ಅಂದುಕೊಂಡರೆ ಅದು ಆಗುವುದಿಲ್ಲ, ವಿಮಾನ ನಿಲ್ದಾಣಕ್ಕೆ ತಲುಪಿಸಲು ಅವರಿಗೆ ಒಂದೆರಡು ದಿನ ಮುಂಚಿತವಾಗಿ ಕೊಡಬೇಕು. ನಾವು ಹಾಗೇ ಮಾಡಿದೆವು. ಚಾಕು, ಬಟ್ಟಲು, ತೆನುಗುಯಿ ಅನ್ನುವ ಕೈ ಒರೆಸುವ ಹತ್ತಿ ಬಟ್ಟೆಗಳು ಮುಂದೆ ಹೋದವು. ಪೆನ್ನು, ಕಾಗದ ಗೆಳತಿಯ ಕೈಚೀಲದಲ್ಲಿ. ಕೊನೆಯ ದಿನ ಖಾಲಿ ಕೈಯಲ್ಲಿ ಇಬ್ಬರೂ ಮತ್ತೆ ಆ ಸೋಬಾ ಅಂಗಡಿ ಇರುವ ಬೀದಿಯ ಕಡೆಗೆ ನಡೆದೆವು, ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕುವ ಮುಂಚೆ.