ವಾಲ್ಯೂಮ್‌ನಿಂದ ವಿಎಂ ಬೂಟ್ ಮಾಡುವ ಮುಂಚೆ

ಓಪನ್‌ಸ್ಟ್ಯಾಕ್ (ಕ್ಲೌಡ್ ಕಟ್ಟಿ ನಡೆಸುವ ಸಾಫ್ಟ್‌ವೇರ್) ಬಳಸುವವರಿಗೆ ಒಂದು ಸಲಹೆ. ಇಮೇಜ್ (ಓಎಸ್ ಇರುವ ಸಿದ್ಧ ಡಿಸ್ಕ್ ಫೈಲ್) ದೊಡ್ಡದಿದ್ದರೆ ವಿಎಂ (ವರ್ಚುವಲ್ ಮಷೀನ್) ಜೊತೆಗೇ ವಾಲ್ಯೂಮ್ (ಅದು ಬಳಸುವ ಡಿಸ್ಕ್) ಮಾಡಲು ಹೋಗಬೇಡಿ. ವಾಲ್ಯೂಮ್ ತಯಾರಾಗುವಷ್ಟರಲ್ಲಿ, ವಿಎಂಗಳನ್ನು ನಡೆಸುವ ನೋವಾ ಕಾದು ಕಾದು ಎರರ್ ಕೊಟ್ಟುಬಿಡಬಹುದು. ಮೊದಲು ಸಿಂಡರ್‌ನಲ್ಲಿ (ವಾಲ್ಯೂಮ್‌ಗಳನ್ನು ನೋಡಿಕೊಳ್ಳುವ ಭಾಗ) ವಾಲ್ಯೂಮ್ ಮಾಡಿ, ‘ಅವೈಲಬಲ್’ ಅಂತ ಬಂದ ಮೇಲೆ ಅದರಿಂದ ಬೂಟ್ ಮಾಡಿ.

ಸ್ಟೋರೇಜ್ ಸೆಫ್ (Ceph, ಹಲವು ಸರ್ವರ್‌ಗಳಲ್ಲಿ ಡೇಟಾ ಹಂಚಿಡುವ ಸಾಫ್ಟ್‌ವೇರ್) ಆಗಿದ್ದರೆ ಇಮೇಜನ್ನು ಕ್ಯೂಕೌ2 (qcow2) ಬದಲು ರಾ (raw) ಫಾರ್ಮ್ಯಾಟ್‌ನಲ್ಲಿ ಇಡಿ. ಇಮೇಜ್, ವಾಲ್ಯೂಮ್ ಎರಡೂ ಒಂದೇ ಕ್ಲಸ್ಟರ್‌ನಲ್ಲಿದ್ದು ಇಮೇಜ್‌ಗಳನ್ನು ನೋಡಿಕೊಳ್ಳುವ ಗ್ಲಾನ್ಸ್‌ನ ಸೆಟ್ಟಿಂಗ್ ಸರಿಯಿದ್ದರೆ ಸೆಕೆಂಡುಗಳಲ್ಲಿ ಕ್ಲೋನ್ ಆಗುತ್ತದೆ. ಕ್ಯೂಕೌ2 ಆದರೆ ಪೂರ್ತಿ ಡೌನ್‌ಲೋಡ್ ಮಾಡಿ, ರಾ ಆಗಿ ಬದಲಿಸಿ ಬರೆಯಬೇಕು. ತಡ ಆಗುವುದು ಅಲ್ಲೇ. ನಾವು ಸುಮ್ನೆ ನೆಟ್‌ವರ್ಕನ್ನು ಬೈಯುತ್ತೇವೆ, ಅಲ್ವಾ?

ಇನ್ನು, ವಿಎಂ ಅಳಿಸಿದಾಗ ವಾಲ್ಯೂಮೂ ಹೋಗಬೇಕೇ ಎಂದು ಹೊರೈಜನ್ (ಓಪನ್‌ಸ್ಟ್ಯಾಕ್‌ನ ವೆಬ್ ಡ್ಯಾಶ್‌ಬೋರ್ಡ್) ಕೇಳುತ್ತದೆ. ಡೇಟಾಬೇಸ್ ಇದ್ದರೆ ‘ನೋ’ ಇರಲಿ. ಟೆಸ್ಟ್ ವಿಎಂಗೆ ‘ಯೆಸ್’ ಕೊಡಿ, ಇಲ್ಲದಿದ್ದರೆ ಬೇಡದ ವಾಲ್ಯೂಮ್‌ಗಳೇ ಕೋಟಾ ತಿಂದುಹಾಕುತ್ತವೆ.